ಬಿದ್ದ ವಿಮಾನದಲ್ಲಿ ಕಡಜದ ಗೂಡು

ಕೊಳವೆಯೊಳಗೆ ಬೆರಳು ತೂರಿಸಿದ ಲೊರೇನ್ ಬಿಡಾರ್ಟಳ ಉಗುರಿಗೆ ಮಣ್ಣು ತಾಗಿತು.

ಮರಳಾಗಿದ್ದರೆ ಅವಳು ಕೈ ಕೊಡವಿಕೊಂಡು ಮುಂದಕ್ಕೆ ಹೋಗುತ್ತಿದ್ದಳು. ನೆವಾಡಾದ ಈ ಬಯಲಿನಲ್ಲಿ ಮರಳು ನುಗ್ಗದ ಸಂದಿಯೇ ಇಲ್ಲ. ಆದರೆ ಇದು ಯಾರೋ ನೀರು ಹಾಕಿ ಕಲಸಿ, ಚಿಟಿಕೆ ಚಿಟಿಕೆಯಾಗಿ ಮೆತ್ತಿ, ನುಣ್ಣಗೆ ತೀಡಿದಂಥ ಮಣ್ಣು. ಉಗುರಿನಿಂದ ಮೆಲ್ಲಗೆ ಕೆರೆದಳು. ಒಂದು ಹೆಂಟೆ ಕಳಚಿ ಅಂಗೈಗೆ ಬಿತ್ತು. ಅದರಲ್ಲಿ ಸಾಲಾಗಿ ಐದು ಪುಟ್ಟ ಕೋಣೆಗಳು. ಐದಕ್ಕೂ ಒಂದೊಂದು ತೂತು.

ಕಡಜದ ಗೂಡು.

"ಏನಾದ್ರೂ ಸಿಕ್ತಾ?" ಹಿಂದಿನಿಂದ ಮೇಜರ್ ಕಿಟ್ರೆಜ್ ಕೇಳಿದ.

"ಮಣ್ಣು," ಎಂದಳು ಲೊರೇನ್. ಸುಳ್ಳನ್ನಂತೂ ಹೇಳಲಿಲ್ಲ. ಗೂಡನ್ನು ಕರವಸ್ತ್ರದಲ್ಲಿ ಸುತ್ತಿ, ಮೂಗು ಒರೆಸಿಕೊಂಡ ಹಾಗೆ ಮಾಡಿ ಜೇಬಿಗೆ ಸೇರಿಸಿದಳು.

ಮಂಗಳವಾರ ಬೆಳಿಗ್ಗೆ ಸೇನೆಯ ಹಳೆಯ ತರಬೇತಿ ವಿಮಾನವೊಂದು ಇಲ್ಲಿ ಬಿತ್ತು, ಪೈಲಟ್ ಧುಮುಕುಕೊಡೆಯಲ್ಲಿ ಇಳಿದು ಬದುಕಿದ, ಉರಿಯುತ್ತಿದ್ದ ಚೂರು ಬಡಿದು ಗಾನಿಷ್ ಎರೆಕಾ ಎಂಬ ಕುರಿಗಾಹಿ ಸತ್ತ. ಸೇನೆಯವರು ಪತ್ರಿಕೆಗೆ ಕೊಟ್ಟ ಹೇಳಿಕೆ ಇಷ್ಟೇ. ಇವತ್ತು ಶುಕ್ರವಾರ. ಪಿನ್ಯನ್ ಕೌಂಟಿಯ ಶೆರೀಫ್ ಕಚೇರಿಗೆ ಸ್ಥಳ ನೋಡಲು ಒಂದು ಗಂಟೆಯ ಅನುಮತಿ ಸಿಕ್ಕಿತ್ತು. ಅದರಲ್ಲಿ ನಲವತ್ತು ನಿಮಿಷ ಆಗಲೇ ಕಳೆದಿತ್ತು.

ಲೊರೇನ್ ಎದ್ದು ನಿಂತು ಸುತ್ತ ಕಣ್ಣಾಡಿಸಿದಳು. ಹದಿನಾಲ್ಕು ವರ್ಷದಿಂದ ಈ ಕೌಂಟಿಯ ಸಾವುಗಳ ತನಿಖೆ ಅವಳದೇ. ಅಪಘಾತ ನಡೆದ ಜಾಗ ಹೇಗಿರುತ್ತದೆಂದು ಅವಳಿಗೆ ಗೊತ್ತಿತ್ತು. ಅಲ್ಲಿ ಎಲ್ಲವೂ ಚೆಲ್ಲಾಪಿಲ್ಲಿಯಾಗಿರುತ್ತದೆ, ಗಲೀಜಾಗಿರುತ್ತದೆ. ಇಲ್ಲಿ ಇನ್ನೂರು ಗಜದ ಸುತ್ತಿನಲ್ಲಿ ಒಂದು ಸೇಜ್ ಪೊದೆಯೂ ಉಳಿದಿರಲಿಲ್ಲ. ಬಿತ್ತನೆಗೆ ಹದ ಮಾಡಿದ ಹಾಗೆ ನೆಲ ನುಣ್ಣಗಿತ್ತು. ಆ ನುಣ್ಣನೆಯ ನೆಲದ ಮೇಲೆ ಯಾರೋ ತಂದು ಜೋಡಿಸಿಟ್ಟಂತೆ ತಗಡು, ಕೊಳವೆ, ಒಂದು ಗಾಲಿ.

ಗಾಲಿಯ ಉಕ್ಕಿನ ಕೋಲು ಎರಡಾಗಿ ಮುರಿದಿತ್ತು. ಮುರಿದ ಬಾಯಿಗೆ ದಪ್ಪಗೆ ಕಂದು ತುಕ್ಕು ಹಿಡಿದಿತ್ತು. ಮೂರು ದಿನದಲ್ಲಿ, ಅದೂ ಮಳೆಯೇ ಕಾಣದ ಈ ಬಯಲಿನಲ್ಲಿ!

ದೂರದಲ್ಲಿ ಬಿಳಿ ಅಂಗಿಯ ಮನುಷ್ಯನೊಬ್ಬ ಮೊಣಕಾಲೂರಿ ಕೂತು, ಅಡುಗೆಮನೆಯ ಜರಡಿಯಂಥದ್ದರಲ್ಲಿ ಮರಳು ಜಾಲಿಸುತ್ತಿದ್ದ. ತಲೆಗೆ ಟೋಪಿಯಿಲ್ಲ. ಕತ್ತು ಬಿಸಿಲಿಗೆ ಸುಟ್ಟು ಕೆಂಪಾಗಿತ್ತು.

"ಅವರು ಯಾರು?"

"ವಿಮಾನ ಕಟ್ಟೋ ಕಂಪನಿಯವರು."

"ಹಳೇ ವಿಮಾನದ ಚೂರನ್ನ ಹಿಟ್ಟು ಜಾಲಿಸೋ ಹಾಗೆ ಹುಡುಕ್ತಾರಾ?"

ಕಿಟ್ರೆಜ್ ತಂಪು ಕನ್ನಡಕ ತೆಗೆಯದೆಯೇ ನಕ್ಕ. "ನೆಲ ಸ್ವಚ್ಛವಾಗಿರಲಿ ಅಂತ. ನಿಮ್ಮ ಕುರಿಗಳ ಬಾಯಿಗೆ ತಗಡು ಸಿಕ್ಕಬಾರದಲ್ಲ ಮೇಡಂ? ಇನ್ನು ಹದಿನೈದು ನಿಮಿಷ ಇದೆ."

"ಬೇಡ," ಎಂದಳು ಲೊರೇನ್. "ನೋಡಿದ್ದಾಯ್ತು."

*

ಜೀಪು ಡಾಂಬರು ರಸ್ತೆಗೆ ಏರುವವರೆಗೂ ಅವಳು ಬಾಯಿ ಬಿಡಲಿಲ್ಲ. ಪಕ್ಕದಲ್ಲಿ ಶೆರೀಫ್ ಗ್ರೋವರ್ ಮ್ಯಾಡಕ್ಸ್ ಹೊಗೆಸೊಪ್ಪು ಅಗಿಯುತ್ತ ಜೀಪು ಓಡಿಸುತ್ತಿದ್ದ. ಸ್ಥಳದಲ್ಲಿ ಅವನು ಜೀಪಿನ ನೆರಳು ಬಿಟ್ಟು ಎದ್ದಿರಲಿಲ್ಲ.

"ಗ್ರೋವರ್, ಮಂಗಳವಾರ ಹಾರಾಡ್ತಿದ್ದ ವಿಮಾನದೊಳಗೆ ಹೋದ ವರ್ಷದ ಕಡಜದ ಗೂಡು ಹೇಗೆ ಬಂತು?"

"ಹೋದ ವರ್ಷದ್ದು ಅಂತ ನಿಂಗೆ ಹೇಗೆ ಗೊತ್ತು? ಕಡಜ ತಾರೀಕು ಬರೆದಿತ್ತಾ?"

"ಮರಿ ತೂತು ಕೊರೆದುಕೊಂಡು ಹಾರಿಹೋಗಿದಾವೆ. ಇದು ಜೂನ್ ತಿಂಗಳು. ಈ ವರ್ಷದ ಗೂಡಾಗಿದ್ರೆ ಮರಿ ಇನ್ನೂ ಒಳಗೇ ಇರಬೇಕಿತ್ತು."

ಗ್ರೋವರ್ ಕಿಟಕಿಯಾಚೆ ಉಗುಳಿದ.

"ಯಾವುದೋ ಗುಜರಿಯಲ್ಲಿ ಕೊಳೀತಿದ್ದ ವಿಮಾನದ ಚೂರು ತಂದು ಅಲ್ಲಿ ಸುರಿದಿದಾರೆ. ನಮಗೆ ತೋರಿಸೋಕೆ. ನಿಜವಾಗಿ ಬಿದ್ದಿದ್ದು ಬೇರೇನೋ. ಅದರ ಒಂದು ಚೂರೂ ಸಿಗದ ಹಾಗೆ ಮಣ್ಣನ್ನೇ ಜಾಲಿಸ್ತಿದಾರೆ."

"ಲೊರೇನ್, ಒಣಕೆರೆ ಆಚೆ ಸೇನೆಯ ನೆಲೆ ಇದೆಯಲ್ಲ, ಅದು ನಕ್ಷೆಯಲ್ಲೇ ಇಲ್ಲ. ಇಲ್ಲದ ಜಾಗದಿಂದ ಹಾರಿದ್ದು ಇಲ್ಲದ ವಿಮಾನ. ನಿಂಗ್ಯಾಕೆ ಬೇಕು? ಊರಿನ ಅರ್ಧ ಜನರ ಮನೆ ಒಲೆ ಉರಿಯೋದೇ ಆ ನೆಲೆಯಿಂದ."

"ವಿಮಾನ ಅವರದ್ದು, ಅವರೇ ಇಟ್ಕೊಳ್ಳಲಿ. ಗಾನಿಷ್ ಮಾಮ ನಮ್ಮವನು."

ಗಾನಿಷ್ ಎರೆಕಾ ರಕ್ತಸಂಬಂಧದಲ್ಲಿ ಅವಳಿಗೆ ಏನೂ ಆಗಬೇಕಿರಲಿಲ್ಲ. ಕಾರ್ವರ್ ವೆಲ್ಸ್ ಊರಿನಲ್ಲಿ ಅವಳ ತಾಯಿ ಸ್ಪೇನ್ ಗಡಿಯ ಬೆಟ್ಟಸೀಮೆಯಿಂದ ಬಂದ ಬಾಸ್ಕ್ ಕುರಿಗಾಹಿಗಳಿಗಾಗಿ ಊಟದ ಮನೆ ನಡೆಸುತ್ತಿದ್ದಳು. ಬೆಟ್ಟಗಳಲ್ಲಿ ಹನ್ನೊಂದು ತಿಂಗಳು ಕುರಿಗಳ ಜೊತೆ ಬಿಟ್ಟು ಬೇರೆ ಯಾರ ಜೊತೆಯೂ ಮಾತಾಡದವರು ಕ್ರಿಸ್‌ಮಸ್‌ಗೆ ಇಳಿದು ಬಂದು ಆ ಉದ್ದನೆಯ ಮೇಜಿಗೆ ಕೂರುತ್ತಿದ್ದರು. ಲೊರೇನ್‌ಗೆ ಸೀಟಿ ಹೊಡೆಯುವುದನ್ನು ಕಲಿಸಿದವನು ಗಾನಿಷ್. ಅವಳ ತಂದೆ ಸತ್ತ ಚಳಿಗಾಲದಲ್ಲಿ ಒಂದು ಮಾತೂ ಆಡದೆ ಅವರ ಮನೆಗೆ ತಿಂಗಳಿಗಾಗುವಷ್ಟು ಸೌದೆ ಸೀಳಿಟ್ಟು ಹೋಗಿದ್ದವನೂ ಅವನೇ.

"ಬಿದ್ದದ್ದು ಆ ವಿಮಾನ ಅಲ್ಲ ಅಂದ್ಮೇಲೆ," ಎಂದಳು ಅವಳು, "ಮಾಮನಿಗೆ ಬಡಿದದ್ದು ಏನು? ನನ್ನನ್ನ ಪೈಕ್ ಹತ್ರ ಇಳಿಸಿಬಿಡಿ."

*

ಎಲ್ಸ್‌ವರ್ತ್ ಪೈಕ್ ಕಾರ್ವರ್ ವೆಲ್ಸ್‌ನಲ್ಲಿ ಶವಪೆಟ್ಟಿಗೆ ಮಾರುವವನು. ಕೌಂಟಿಯ ಸಾವುಗಳನ್ನು ನೋಡಿ ಸಹಿ ಹಾಕುವ ಅಧಿಕಾರವೂ ಅವನದೇ. ಲೊರೇನ್ ಒಳಗೆ ಬಂದಾಗ ಅವನು ಸುಮ್ಮನೆ ಕೈ ಒರೆಸಿಕೊಳ್ಳುತ್ತ ನಿಂತಿದ್ದ.

"ಪೆಟ್ಟಿಗೆಗೆ ಮೊಳೆ ಹೊಡೆದಾಯ್ತಮ್ಮಾ. ನಾಳೆ ಬೆಳಿಗ್ಗೆ ಮಣ್ಣು."

"ಕೀಳಿ."

"ತೆಗೀಬೇಡಿ ಅಂತ ಸೇನೆಯವರು..."

"ಪೈಕ್, ಈ ಕೌಂಟೀಲಿ ಸತ್ತವರ ಮೇಲೆ ನಿಮಗೂ ನನಗೂ ಬಿಟ್ಟರೆ ಇನ್ಯಾರಿಗೂ ಅಧಿಕಾರ ಇಲ್ಲ. ಸುತ್ತಿಗೆ ನೀವು ತರ್ತೀರೋ, ನಾನು ತರಲೋ?"

ಮೊಳೆಗಳು ಒಂದೊಂದಾಗಿ ಕಿರುಗುಟ್ಟುತ್ತ ಎದ್ದವು. ಮುಚ್ಚಳ ಸರಿದಾಗ ಎದ್ದ ವಾಸನೆಗೆ ಲೊರೇನ್ ಒಂದು ಹೆಜ್ಜೆ ಹಿಂದೆ ಸರಿದಳು. ಆಮೇಲೆ ಎರಡು ಹೆಜ್ಜೆ ಮುಂದೆ ಬಂದಳು.

ಬೆಂಕಿ ಆ ಮನುಷ್ಯನ ಗುರುತೇ ಸಿಗದ ಹಾಗೆ ಮಾಡಿತ್ತು. ಆದರೆ ಎಲ್ಲವನ್ನೂ ತಿಂದಿರಲಿಲ್ಲ. ಎರಡೂ ಭುಜದ ಮೇಲಿನಿಂದ ಎದೆಯವರೆಗೆ, ಸೊಂಟದ ಸುತ್ತ, ತೊಡೆಯ ಮೇಲೆ, ಮೂರು ಬೆರಳಗಲದ ಪಟ್ಟಿಗಳಲ್ಲಿ ಚರ್ಮ ಸುಡದೆ ಬೆಳ್ಳಗೆ ಉಳಿದಿತ್ತು.

"ಇದೇನು?"

ಪೈಕ್ ನೆಲ ನೋಡಿದ.

"ನಾನೇ ಹೇಳ್ತೀನಿ. ದಪ್ಪ ಪಟ್ಟಿಗಳಲ್ಲಿ ಕಟ್ಟಿಸಿಕೊಂಡು ಕೂತಿದ್ದವನು ಇವನು. ಬಯಲಲ್ಲಿ ಕುರಿ ಕಾಯೋನು ತನ್ನನ್ನ ತಾನೇ ಕಟ್ಕೊಂಡು ಕೂರ್ತಾನಾ? ದೀಪ ಹಿಡೀರಿ. ಬಾಯಿ ನೋಡಬೇಕು."

ಪೈಕ್ ದೀಪ ತಂದು ಬಗ್ಗಿಸಿ ಹಿಡಿದ. ಮೇಲಿನ ಸಾಲಿನ ಮುಂದಿನ ಹಲ್ಲುಗಳು ಮಸಿ ಹಿಡಿದಿದ್ದವು, ಆದರೆ ಒಂದೂ ಬಿದ್ದಿರಲಿಲ್ಲ. ಲೊರೇನ್ ಬಟ್ಟೆಯಿಂದ ಒರೆಸಿ, ಅಲುಗಿಸಿ ನೋಡಿದಳು. ಗಟ್ಟಿ ಬೇರಿನ ಹಲ್ಲುಗಳು. ಹಿಂದಿನ ದವಡೆಯಲ್ಲಿ ಒಂದಕ್ಕೆ ಮಂಕು ಬಿಳಿಯ ಲೋಹದ ಕವಚವಿತ್ತು.

"ಬೆಳ್ಳಿಯಾ ಇದು?"

"ಉಕ್ಕು," ಎಂದ ಪೈಕ್. "ಇಂಥ ಒರಟು ಕೆಲಸ ನಮ್ಮ ಕಡೆ ಯಾವ ದಂತವೈದ್ಯನೂ ಮಾಡಲ್ಲ. ಸೇನೆ ಆಸ್ಪತ್ರೇಲಿ ಮಾಡ್ತಾರೇನೋ."

ಲೊರೇನ್ ಕೈ ತೊಳೆದುಕೊಂಡಳು. ತುಂಬ ಹೊತ್ತು ತೊಳೆದುಕೊಂಡಳು.

"ಗಾನಿಷ್ ಮಾಮನ ಮುಂದಿನ ಎರಡು ಹಲ್ಲು ನಾನು ಆರನೇ ಕ್ಲಾಸಲ್ಲಿದ್ದಾಗಲೇ ಟಗರು ಗುದ್ದಿ ಉದುರಿದ್ವು. ಆ ಸಂದಿಯಿಂದಲೇ ಅವನು ನಾಯಿಗೆ ಸೀಟಿ ಹೊಡೀತಿದ್ದ. ನಿಮಗೂ ಗೊತ್ತು. ನಮ್ಮಮ್ಮನ ಮೇಜಲ್ಲಿ ಅವನ ಎದುರಿಗೇ ಕೂತು ಉಂಡಿದೀರಿ."

ಪೈಕ್ ದೀಪ ಆರಿಸಿ ಪಕ್ಕಕ್ಕಿಟ್ಟ.

"ಮುಖ ನೋಡದೇ ಸಹಿ ಹಾಕಿದ್ರಾ?"

"ಮುಖ ಎಲ್ಲಿತ್ತಮ್ಮಾ ನೋಡೋಕೆ?" ಅವನ ದನಿ ಒಡೆಯಿತು. "ಚೀಲದಲ್ಲಿ ಹಾಕ್ಕೊಂಡು ತಂದ್ರು. ಹೆಸರು ಬರೆದಿದ್ದ ಕಾಗದನೂ ಅವರೇ ತಂದ್ರು. ಆ ಮೇಜರ್ ನನ್ನ ಲೇಖನಿಯ ಟೋಪಿ ತೆಗೆದು ಕೈಗೆ ಕೊಟ್ಟ. ಅಷ್ಟು ಮರ್ಯಾದೆಯಿಂದ! ದೇಶಕ್ಕೋಸ್ಕರ ಅಂದ. ನಾನು ಮುದುಕ, ಲೊರೇನ್."

ಅವಳು ಅವನನ್ನು ಬೈಯಲಿಲ್ಲ. ಬೈದರೆ ಅವಳ ಮನಸ್ಸು ಹಗುರಾಗುತ್ತಿತ್ತೇನೋ. ಅದಕ್ಕೂ ಸಮಯವಿರಲಿಲ್ಲ.

"ಮೊಳೆ ಮತ್ತೆ ಹೊಡೀರಿ. ನಾನು ಬಂದಿದ್ದು ಯಾರಿಗೂ ಹೇಳಬೇಡಿ."

*

ಬಿಳಿ ಅಂಗಿಯ ಮನುಷ್ಯ ಮೇಬಲ್‌ಳ ಹೋಟೆಲಿನಲ್ಲಿ ಮೂಲೆಯ ಮೇಜಿಗೆ ಕೂತಿದ್ದ. ಮಧ್ಯಾಹ್ನದ ಜನ ಊಟ ಮುಗಿಸಿ ಎದ್ದು ಹೋಗಿದ್ದರು. ಅವನ ಎದುರಿಗಿದ್ದ ಮಾಂಸದ ತುಂಡು ತಣ್ಣಗಾಗಿ ಜಿಡ್ಡುಗಟ್ಟಿತ್ತು.

"ಮೂರು ದಿನದಿಂದ ಹಿಂಗೇ," ಎಂದು ಮೇಬಲ್ ಲೊರೇನ್‌ಳ ಕಿವಿಯಲ್ಲಿ ಉಸುರಿದಳು. "ತಗೋತಾನೆ, ನೋಡ್ತಾನೆ, ಬಿಡ್ತಾನೆ. ನನ್ನ ಅಡುಗೆಗೆ ಇಷ್ಟು ಅವಮಾನ ಯಾರೂ ಮಾಡಿರಲಿಲ್ಲ."

ಲೊರೇನ್ ಅವನ ಎದುರು ಕೂತಳು. ಗುರುತಿನ ಬಿಲ್ಲೆಯನ್ನು ಮೇಜಿನ ಮೇಲಿಟ್ಟಳು. ಅದರ ಪಕ್ಕದಲ್ಲಿ ಕರವಸ್ತ್ರ ಬಿಚ್ಚಿ ಕಡಜದ ಗೂಡನ್ನೂ ಇಟ್ಟಳು.

"ನಿಮ್ಮ ವಿಮಾನದಲ್ಲಿ ಸಿಕ್ಕಿತು."

ಅವನು ಅದನ್ನು ನೋಡಿದ. ಮೆಲ್ಲಗೆ, "ಅದು ನನ್ನ ವಿಮಾನ ಅಲ್ಲ," ಎಂದ.

"ಗೊತ್ತು. ನಿಮ್ಮ ಹೆಸರು?"

"ಥಿಯೋ ಹೆಲ್‌ಸ್ಟ್ರಮ್. ಮೇಡಂ, ನಾನು ಕಾಗದಕ್ಕೆ ಸಹಿ ಹಾಕಿದೀನಿ. ಮಾತಾಡಿದರೆ ಹತ್ತು ವರ್ಷ ಜೈಲು. ನಾನೇನು ಕೆಲಸ ಮಾಡ್ತೀನಿ ಅಂತ ಹೆಂಡತಿಗೂ ಗೊತ್ತಿಲ್ಲ. ಬಟ್ಟೆ ಒಗೆಯೋ ಯಂತ್ರ ತಯಾರಿಸ್ತೀನಿ ಅಂದ್ಕೊಂಡಿದಾಳೆ. ಅವಳ ತಂಗಿ ಮನೆಯ ಯಂತ್ರ ಕೆಟ್ಟಾಗ ನನ್ನನ್ನೇ ಕರೀತಾರೆ."

"ರಿಪೇರಿ ಮಾಡ್ತೀರಾ?"

"ಪುಸ್ತಕ ಓದಿ ಕಲಿತೆ."

ಇಬ್ಬರೂ ನಗಲಿಲ್ಲ.

"ಹೆಲ್‌ಸ್ಟ್ರಮ್, ನಾನೀಗ ಪೈಕ್‌ನ ಅಂಗಡಿಯಿಂದ ಬಂದೆ. ಆ ಪೆಟ್ಟಿಗೇಲಿರೋನು ಕುರಿಗಾಹಿ ಅಲ್ಲ. ವಿಮಾನದ ಸೀಟಿಗೆ ಕಟ್ಟಿಸಿಕೊಂಡು ಕೂತಲ್ಲೇ ಬೆಂದುಹೋದ ಪೈಲಟ್. ನಾಳೆ ಬೆಳಿಗ್ಗೆ ಅವನನ್ನ ಬೇರೆಯವನ ಹೆಸರಲ್ಲಿ ಹೂಳ್ತಾರೆ. ನೀವು ಜೈಲಿಗೆ ಹೆದರಿಕೊಂಡು ಊಟ ಬಿಟ್ಟಿಲ್ಲ. ಅದಕ್ಕೇ ಬಿಟ್ಟಿದೀರಿ."

ಹೆಲ್‌ಸ್ಟ್ರಮ್ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ತೆಗೆದಾಗ ಕಣ್ಣು ಒದ್ದೆಯಾಗಿತ್ತು.

"ಕ್ಯಾಪ್ಟನ್ ಡ್ವೇನ್ ಲುಬೆಕ್," ಎಂದ. "ಅವನ ಹೆಂಡತಿಗೆ ಇನ್ನೂ ಹೇಳಿಲ್ಲ. ಒಂದು ತಿಂಗಳು ಬಿಟ್ಟು ಹೇಳ್ತಾರಂತೆ, ಸಮುದ್ರದ ಮೇಲೆ ಹಾರುವಾಗ ಕಾಣೆಯಾದ ಅಂತ. ಹೆಣ ಸಿಗಲಿಲ್ಲ ಅಂತ."

"ಮತ್ತೆ ಹೆಣಕ್ಕೆ ನಮ್ಮ ಗಾನಿಷ್ ಹೆಸರು ಯಾಕೆ?"

"ಚೀಲ ಏರಿಸೋದನ್ನ ಹೆದ್ದಾರೀಲಿ ಹೋಗ್ತಿದ್ದ ಲಾರಿಯವನೊಬ್ಬ ನೋಡಿಬಿಟ್ಟ. ಒಬ್ಬ ಸತ್ತ ಅಂತ ಸುದ್ದಿ ಹಬ್ಬಿತು. ಸತ್ತವನಿಗೆ ಹೆಸರು ಬೇಕಲ್ಲ? ಎರಡು ಮೈಲಿ ದೂರದಲ್ಲಿ ಕುರಿಗಾಹಿಯ ಗಾಡಿ ನಿಂತಿತ್ತು. ಖಾಲಿ. ಆಳಿನ ಸುಳಿವಿಲ್ಲ, ಹೆದರಿ ಓಡಿಹೋಗಿರಬೇಕು ಅಂದರು. ಒಳಗಿದ್ದ ಕಾಗದದಲ್ಲಿ ಹೆಸರು ಸಿಕ್ಕಿತು. ಹೊರದೇಶದವನು, ಹೆಂಡತಿ ಮಕ್ಕಳಿಲ್ಲ." ಹೆಲ್‌ಸ್ಟ್ರಮ್ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. "ಕೇಳೋರು ಯಾರೂ ಇಲ್ಲ ಅಂದರು."

ಲೊರೇನ್ ಮುಂದಕ್ಕೆ ಬಾಗಿದಳು.

"ಏನಂಥ ವಿಮಾನ ಅದು? ಒಬ್ಬನ ಸಾವನ್ನ ಕದ್ದು ಇನ್ನೊಬ್ಬನಿಗೆ ಅಂಟಿಸೋವಷ್ಟು?"

ಅವನು ಚಮಚ ಎತ್ತಿ ಕಿಟಕಿಯ ಬಿಸಿಲಿಗೆ ಹಿಡಿದ.

"ಇದರ ಬೆನ್ನು ನೋಡಿ. ಹೇಗೆ ತಿರುಗಿಸಿದರೂ ಎಲ್ಲೋ ಒಂದು ಕಡೆ ಹೊಳೀತಾನೇ ಇರುತ್ತೆ, ಅಲ್ವಾ? ವಿಮಾನಗಳೆಲ್ಲ ಹೀಗೇ, ಗುಂಡಗೆ, ನುಣ್ಣಗೆ. ರೇಡಾರ್ ಬೆಳಕಿದ್ದ ಹಾಗೆ. ಎಲ್ಲಿಂದ ಬಿಟ್ಟರೂ ಒಂದು ಹೊಳಪು ವಾಪಸು ಹೋಗುತ್ತೆ. ಸಿಕ್ಕಿಹಾಕ್ಕೊಳ್ಳುತ್ತೆ."

ಚಮಚ ಕೆಳಗಿಟ್ಟು ಚಾಕು ಎತ್ತಿದ. ಚಪ್ಪಟೆ ಅಲಗನ್ನು ಬಿಸಿಲಿಗೆ ಓರೆಯಾಗಿ ಹಿಡಿದ. ಬೆಳಕು ಹಾರಿಹೋಗಿ ಮಾಡಿನ ಮೂಲೆಯಲ್ಲಿ ಒಂದು ಚುಕ್ಕೆಯಾಗಿ ಬಿತ್ತು. ಲೊರೇನ್‌ಳ ಕಣ್ಣಿಗೆ ಅಲಗು ಕಪ್ಪಾಗಿ ಕಂಡಿತು.

"ಬರೀ ಚಪ್ಪಟೆ ತಗಡುಗಳಿಂದ ಕಟ್ಟಿದರೆ? ಬಂದ ಬೆಳಕೆಲ್ಲ ಬೇರೆ ಕಡೆ ಜಾರಿಹೋಗುತ್ತೆ. ವಾಪಸು ಹೋಗೋದಿಲ್ಲ. ಮೇಲೆ ಕಪ್ಪು ಲೇಪ, ಉಳಿದ ಚೂರುಪಾರನ್ನೂ ಕುಡಿಯೋಕೆ. ಆರು ವರ್ಷ, ಮೇಡಂ. ಮಾದರಿಯನ್ನ ಕಂಬದ ಮೇಲೆ ನಿಲ್ಲಿಸಿ ಅಳೀತಿದ್ವಿ. ಒಂದು ದಿನ ಪರದೆ ಮೇಲೆ ದೊಡ್ಡದಾಗಿ ಕಾಣಿಸಿಬಿಡ್ತು. ಎಲ್ಲ ಮುಗೀತು ಅಂದ್ಕೊಂಡೆ. ಹತ್ತಿ ನೋಡಿದರೆ ಒಂದೇ ಒಂದು ಸ್ಕ್ರೂ ಪೂರ್ತಿ ಬಿಗಿಯದೆ ತಲೆ ಎತ್ತಿತ್ತು. ಅಕ್ಕಿಕಾಳಿನಷ್ಟು."

ಮಾತಾಡುವಾಗ ಅವನ ಮುಖ ಬೆಳಗಿತ್ತು. ಆ ಬೆಳಕು ಬಂದಷ್ಟೇ ಬೇಗ ಆರಿತು.

"ಆದರೆ ಅಂಥ ಆಕಾರಕ್ಕೆ ಹಾರೋ ಮನಸ್ಸೇ ಇಲ್ಲ. ಕಂಪ್ಯೂಟರ್ ಕ್ಷಣಕ್ಷಣಕ್ಕೂ ಹಿಡಿದು ನಿಲ್ಲಿಸಬೇಕು. ಪೈಲಟ್ ಮೊಟ್ಟೆ ಹಿಡಿದ ಹಾಗೆ ಹಿಡೀಬೇಕು. ಲುಬೆಕ್‌ನಷ್ಟು ನಾಜೂಕಾಗಿ ಹಾರಿಸೋರು ಇನ್ನೊಬ್ಬರಿಲ್ಲ. ಮಂಗಳವಾರ ಅವನಿಗೆ ಏನಾಯ್ತೋ ಗೊತ್ತಿಲ್ಲ. ದಕ್ಷಿಣಕ್ಕೆ ಹೋಗಬೇಕಾದವನು ಪಶ್ಚಿಮಕ್ಕೆ ತಿರುಗಿಸಿದ. ರೇಡಿಯೋದಲ್ಲಿ ಕರೆದೆ, ಕರೆದೆ, ಬಾಯೇ ಬಿಡಲಿಲ್ಲ. ವೇಗ ಏರಿಸಿಬಿಟ್ಟ. ಅಷ್ಟು ವೇಗಕ್ಕೆ ಅದು ತಡೆಯಲ್ಲ ಅಂತ ನನಗಿಂತ ಚೆನ್ನಾಗಿ ಅವನಿಗೆ ಗೊತ್ತಿತ್ತು."

"ನಿಮ್ಮ ರೇಡಾರ್‌ನಲ್ಲಿ ನೋಡಲಿಲ್ವಾ?"

ಹೆಲ್‌ಸ್ಟ್ರಮ್ ವಿಚಿತ್ರವಾಗಿ ಅವಳನ್ನು ದಿಟ್ಟಿಸಿದ.

"ಎಲ್ಲಿ ಕಾಣುತ್ತೆ, ಮೇಡಂ? ಕಾಣಬಾರದು ಅಂತಲೇ ಕಟ್ಟಿದ್ದಲ್ವಾ? ಇಪ್ಪತ್ತು ನಿಮಿಷ ಹುಡುಕಿದ್ವಿ. ಕೊನೆಗೆ ಹೊಗೆ ನೋಡಿ ಹೋದ್ವಿ."

ಮೇಬಲ್ ಕಾಫಿ ತಂದಿಟ್ಟು, ತಟ್ಟೆಯತ್ತ ಒಂದು ನೋಟ ಹಾಯಿಸಿ ಹೋದಳು. ಅವಳು ದೂರ ಸರಿಯುವವರೆಗೆ ಲೊರೇನ್ ಕಾದಳು.

"ಜರಡಿ ಯಾಕೆ?"

"ಕಪ್ಪು ಲೇಪದ ಒಂದು ಚಕ್ಕೆಯೂ ಬೇರೆಯವರ ಕೈಗೆ ಸಿಗಬಾರದು. ಆದರೆ..." ಅವನು ದನಿ ತಗ್ಗಿಸಿದ. "ಎಡ ರೆಕ್ಕೆಯ ಮುಂದಿನ ತಗಡೇ ಇಲ್ಲ. ಬಾಗಿಲಿನಷ್ಟು ದೊಡ್ಡದು. ಆಕಾಶದಲ್ಲೇ ಕಿತ್ತುಹೋಗಿದೆ. ಇವತ್ತು ಬೆಳಿಗ್ಗೆ ಕಿಟ್ರೆಜ್‌ಗೆ ಹೇಳಿದೆ. ಯಾರಾದರೂ ಎತ್ತಿಕೊಂಡಿರಬಹುದಾ ಅಂತ ಕೇಳಿದ. ಆ ಬಯಲಲ್ಲಿ ಇದ್ದವನು ಆ ಕುರಿಗಾಹಿ ಒಬ್ಬನೇ ಅಂದೆ."

ತಾನು ಏನು ಹೇಳಿದೆನೆಂಬುದು ಅವನಿಗೆ ಆಗ ಹೊಳೆದಂತೆ ತೋರಿತು. ಚಾಕು ಕೈಜಾರಿ ತಟ್ಟೆಯ ಮೇಲೆ ಬಿತ್ತು.

ಲೊರೇನ್‌ಗೂ ಹೊಳೆದಿತ್ತು. ಜೂನ್ ಎರಡನೇ ವಾರದಲ್ಲಿ ಕುರಿಗಾಹಿಯ ಗಾಡಿ ಖಾಲಿ ನಿಂತಿದ್ದರೆ ಅವನು ಓಡಿಹೋದ ಅಂತ ಈ ಸೀಮೆಯ ಯಾರೂ ಹೇಳುವುದಿಲ್ಲ. ಕೆಳಗಿನ ಹುಲ್ಲು ಒಣಗಿದೊಡನೆ ಗಾಡಿಯನ್ನು ಅಲ್ಲೇ ಬಿಟ್ಟು, ಹೇಸರಗತ್ತೆಯ ಮೇಲೆ ಡೇರೆ ಹೇರಿಕೊಂಡು ಮಂದೆಯ ಜೊತೆ ಬೆಟ್ಟ ಹತ್ತುತ್ತಾರೆ. ಪ್ರತಿ ವರ್ಷವೂ ಹಾಗೆಯೇ.

ಗಾನಿಷ್ ಬದುಕಿದ್ದ. ಆದರೆ ಕಾಗದದಲ್ಲಿ ಸತ್ತಿದ್ದ. ಕಾಗದದಲ್ಲಿ ಸತ್ತವನನ್ನು ಬೆಟ್ಟದ ಮೇಲೆ ಯಾರಾದರೂ ಮತ್ತೊಮ್ಮೆ ಕೊಂದರೆ, ಲೆಕ್ಕ ಕೇಳುವ ಸಾವೇ ಅದಾಗುವುದಿಲ್ಲ.

"ಕಿಟ್ರೆಜ್ ಈಗ ಎಲ್ಲಿದಾನೆ?"

"ಗೊತ್ತಿಲ್ಲ. ಊಟಕ್ಕೆ ಮುಂಚೆ ಇಬ್ಬರನ್ನ ಕರಕೊಂಡು ಹೊರಟ. ಮೇಡಂ, ನಾನು ಸುಮ್ಮನೆ ಕೇಳಿದ್ದಕ್ಕೆ ಉತ್ತರ ಹೇಳಿದೆ..."

"ಊಟ ಮಾಡಿ ಹೆಲ್‌ಸ್ಟ್ರಮ್," ಎಂದು ಎದ್ದಳು ಲೊರೇನ್. "ನಾಳೆ ನೀವು ನ್ಯಾಯಾಧೀಶರ ಮುಂದೆ ಮಾತಾಡಬೇಕಾಗುತ್ತೆ. ಶಕ್ತಿ ಬೇಕು."

*

ಜೀಪು ಹೋಗುವಷ್ಟು ದೂರ ಹೋಗಿ, ಅಲ್ಲಿಂದ ಅವಳು ನಡೆದಳು. ಬೆಟ್ಟದ ಮೇಲ್ಭಾಗದಲ್ಲಿ ಆಸ್ಪೆನ್ ಮರಗಳ ತೋಪು. ಬಿಳಿ ತೊಗಟೆಯ ಮೇಲೆಲ್ಲ ಕುರಿಗಾಹಿಗಳು ಚಾಕುವಿನಿಂದ ಕೆತ್ತಿದ ಹೆಸರು, ಊರು, ತಾರೀಕು, ಕಂಡೇ ಇರದ ಹೆಂಗಸರ ಚಿತ್ರಗಳು. ಮಾತಾಡಲು ಜನರಿಲ್ಲದವರು ಮರಗಳ ಜೊತೆ ಮಾತಾಡಿದ್ದರು.

ಒಂದು ಮರದಲ್ಲಿ ಕೆತ್ತನೆ ಇನ್ನೂ ಹಸಿಯಾಗಿತ್ತು. ಮುಟ್ಟಿದರೆ ಬೆರಳಿಗೆ ರಸ ಅಂಟಿತು.

ಗಾನಿಷ್ ಎರೆಕಾ. ಜೂನ್ ೧೪, ೧೯೭೯.

ನಿನ್ನೆ ಗುರುವಾರದ ತಾರೀಕು.

ಲೊರೇನ್ ಆ ಮರಕ್ಕೆ ಒರಗಿದಳು. ಮೂರು ದಿನದಿಂದ ಅಳಬೇಕೆಂದುಕೊಂಡಿದ್ದವಳಿಗೆ ಈಗ, ಅಳು ಬೇಡವಾದಾಗ, ಅಳು ಬಂತು. ಸಾವರಿಸಿಕೊಂಡು ಬಾಯಲ್ಲಿ ಎರಡು ಬೆರಳಿಟ್ಟು ಸೀಟಿ ಹೊಡೆದಳು.

ಮೇಲಿನಿಂದ ಉತ್ತರ ಬಂತು, ಹಲ್ಲಿನ ಸಂದಿಯಿಂದ ಹೊರಟ ತೆಳ್ಳನೆಯ ಸೀಟಿ.

ಕಪ್ಪು ನಾಯಿ ಬೆಲ್ಟ್ಸಾ ಮೊದಲು ಓಡಿ ಬಂತು. ಅದರ ಹಿಂದೆ ಕೋವಿ ಹಿಡಿದ ಗಾನಿಷ್. ಅರವತ್ತೆರಡರ, ಬೇರಿನಂತೆ ಗಂಟುಗಂಟಾದ ಮನುಷ್ಯ. ಅವಳನ್ನು ಕಂಡು ಕೋವಿ ಕೆಳಗಿಳಿಸಿದ.

"ನೀನಾ ಮಗಳೇ! ಒಬ್ಬಳೇ ಬಂದಿದೀಯ?"

"ಒಬ್ಬಳೇ. ಮಾಮ, ನೀನು ಸತ್ತುಹೋಗಿದೀಯ."

"ಯಾವಾಗ?"

"ಮಂಗಳವಾರ. ನಾಳೆ ನಿನ್ನನ್ನ ಮಣ್ಣು ಮಾಡ್ತಾರೆ."

ಗಾನಿಷ್ ಯೋಚಿಸಿದ. "ಪಾದ್ರಿ ಬರ್ತಾರಾ?"

"ಮಾಮ!"

"ನನಗೆ ಯಾರೂ ಹೇಳಿರಲಿಲ್ಲ ಕಣೇ."

"ಹೇಳೋಕೆ ಜನ ಹೊರಟಿದಾರೆ. ಒಳ್ಳೆಯವರಲ್ಲ. ಆಕಾಶದಿಂದ ಬಿದ್ದ ಒಂದು ಕಪ್ಪು ತಗಡು ನಿನ್ನ ಹತ್ರ ಇದೆಯಾ?"

ಅವನ ಮುಖದ ಮೇಲಿದ್ದ ತಮಾಷೆ ಮಾಯವಾಯಿತು.

"ತರಗೆಲೆ ಥರ ತೇಲ್ಕೊಂಡು ಬಂತು. ಇಷ್ಟು ದೊಡ್ಡದು, ಕುರಿಮರಿಗಿಂತ ಹಗುರ. ಒಳ್ಳೇದಾಯ್ತು, ಅದು ಇಲ್ಲದಿದ್ರೆ ಇವನನ್ನ ಇಲ್ಲಿವರೆಗೆ ಎಳಕೊಂಡು ಬರೋಕಾಗ್ತಿರಲಿಲ್ಲ. ಹೇಸರಗತ್ತೆಗೆ ಕಟ್ಟಿ ಎಳೆದೆ."

"ಯಾರನ್ನ?"

ಗಾನಿಷ್ ಡೇರೆಯತ್ತ ನಡೆದ. "ಬುಧವಾರ ಹಳೇ ಬೆಳ್ಳಿ ಗಣಿಯ ಹೊಂಡದಲ್ಲಿ ಸಿಕ್ಕ. ಬೆಲ್ಟ್ಸಾ ಕಂಡುಹಿಡಿದದ್ದು. ಕಾಲು ಮುರಿದಿತ್ತು, ತಲೆ ಒಡೆದಿತ್ತು. ಊರಿಗೆ ಹೋಗಿ ಹೇಳ್ತೀನಿ ಅಂದ್ರೆ ಕೈ ಹಿಡ್ಕೊಂಡು ಬಿಡಲೊಲ್ಲ. ಸಮವಸ್ತ್ರ ಹಾಕಿದ ಯಾರಿಗೂ ಹೇಳಬೇಡ ಅಂತಾನೆ. ನೀನು ಹಾಕ್ಕೊಂಡಿಲ್ಲವಲ್ಲ, ಬಾ."

ಡೇರೆಯೊಳಗೆ ಕುರಿಚರ್ಮ ಹೊದ್ದು ಒಬ್ಬ ಮಲಗಿದ್ದ. ಅವನ ಮೈಯಡಿ ಇದ್ದದ್ದು ಕಪ್ಪನೆಯ ಚಪ್ಪಟೆ ತಗಡು, ಅದರ ಅಂಚುಗಳು ಕತ್ತಿಯಲ್ಲಿ ಕೊಯ್ದಂತೆ ನೇರ. ಬಾಗಿಲ ಸಂದಿಯಿಂದ ಬಂದ ಸಂಜೆಬಿಸಿಲು ಅದರ ಮೇಲೆ ಬಿದ್ದಿತ್ತು, ಆದರೆ ಎಲ್ಲೂ ಹೊಳಪಿರಲಿಲ್ಲ.

ಅವನಿಗೆ ಮೂವತ್ತೈದರ ಆಸುಪಾಸು. ತಲೆಗೆ ಗಾನಿಷ್‌ನ ಅಂಗಿ ಹರಿದು ಕಟ್ಟಿದ್ದ ಪಟ್ಟಿ. ಕಣ್ಣು ಜ್ವರದಿಂದ ಉರಿಯುತ್ತಿದ್ದರೂ ನೋಟ ಚುರುಕಾಗಿತ್ತು.

"ಶೆರೀಫ್ ಕಚೇರಿಯಿಂದ ಬಂದಿದೀನಿ. ಹೆದರಬೇಡಿ. ನಿಮ್ಮ ಹೆಸರೇನು?"

"ಲುಬೆಕ್," ಎಂದ ಅವನು. "ಕ್ಯಾಪ್ಟನ್ ಡ್ವೇನ್ ಲುಬೆಕ್."

ಲೊರೇನ್ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

"ವಿಮಾನ ಬಿತ್ತು ಅಂತ ಈ ಅಜ್ಜ ಹೇಳ್ತಾನೆ. ನಿಜಾನಾ?"

"ನಿಜ. ನೀವು ಹೇಗೆ ತಪ್ಪಿಸಿಕೊಂಡ್ರಿ?"

"ತಪ್ಪಿಸಿಕೊಳ್ಳೋದೆಲ್ಲಿ ಬಂತು?" ಅವನು ಮೊಣಕೈಯೂರಿ ಏಳಲು ಹೋಗಿ ನೋವಿಗೆ ಹಲ್ಲು ಕಚ್ಚಿದ. "ಮಂಗಳವಾರ ನಸುಕಿಗೆ ಉಡುಪು ಹಾಕಿಕೊಳ್ಳೋ ಕೋಣೆಗೆ ಹೋದೆ. ಹಿಂದಿನಿಂದ ಯಾರೋ ಹೊಡೆದರು. ಎಚ್ಚರಾದಾಗ ಹೊಂಡದಲ್ಲಿದ್ದೆ. ಅವತ್ತು ನಾನು ಆ ವಿಮಾನ ಹತ್ತಲೇ ಇಲ್ಲ, ಮೇಡಂ."

ಹೊರಗೆ ಕುರಿಗಳ ಗಂಟೆ ಸದ್ದಾಗುತ್ತಿತ್ತು. ಪೆಟ್ಟಿಗೆಯಲ್ಲಿದ್ದವನ ದವಡೆಯ ಆ ಒರಟು ಉಕ್ಕಿನ ಕವಚ ಈ ದೇಶದ ಕೆಲಸವೇ ಅಲ್ಲವೆಂದು ಲೊರೇನ್‌ಗೆ ಆಗ ಹೊಳೆಯಿತು.

"ಒಂದೇ ಸೀಟಿನ ವಿಮಾನ," ಎಂದ ಲುಬೆಕ್. "ನನ್ನ ಶಿರಸ್ತ್ರಾಣ, ನನ್ನ ಮುಖವಾಡ ಹಾಕಿಕೊಂಡು ಯಾರು ಹತ್ತಿದರೂ ನಾನೇ ಅಂದ್ಕೋತಾರೆ. ಹತ್ತಿದವನು ಏನಾದ?"

"ಸತ್ತ."

ಲುಬೆಕ್ ಕಣ್ಣು ಮುಚ್ಚಿದ. ಅವನ ಮುಖದಲ್ಲಿ ಸಮಾಧಾನ ಕಾಣಲಿಲ್ಲ. ಇದ್ದದ್ದು ಭಯ.

"ಮೂರು ಬೇಲಿ, ನಾಲ್ಕು ಬಾಗಿಲು ದಾಟಿ ಆ ಸತ್ತವನೊಬ್ಬನೇ ಆ ಕೋಣೆಯವರೆಗೆ ಬರೋಕೆ ಸಾಧ್ಯವೇ ಇಲ್ಲ. ಹೊರಗಿನವನಿಗೆ ಒಳಗಿಂದ ಬಾಗಿಲು ತೆಗೆದವನೊಬ್ಬ ಇದಾನೆ. ನನ್ನನ್ನ ಹೊಂಡಕ್ಕೆ ಹಾಕಿದವನೂ ಅವನೇ." ಅವನು ಲೊರೇನ್‌ಳ ಮಣಿಕಟ್ಟು ಹಿಡಿದ. "ಆ ಒಳಗಿನವನು ಸತ್ತಿಲ್ಲ. ಇವತ್ತೂ ಅದೇ ಬಾಗಿಲು ಕಾಯ್ತಿದಾನೆ."